ಬೀಗದ ಸದ್ದಿಗೆ ಬೆದರುವ ನಾಯಿ

ಮನೆಗೆ ಬೀಗ ಹಾಕಿಕೊಂಡು ನೀವು ಓಣಿಯ ತಿರುವಿನವರೆಗೆ ಹೋಗುತ್ತೀರಿ. ಅಷ್ಟರಲ್ಲೇ ಒಳಗಿನಿಂದ ಉದ್ದನೆಯದೊಂದು ಊಳು ಕೇಳಿಬರುತ್ತದೆ. ಕೆಲಸವಿದೆ, ನಿಲ್ಲುವಂತಿಲ್ಲ, ನಡೆದುಬಿಡುತ್ತೀರಿ. ಸಂಜೆ ಬಂದು ಬಾಗಿಲು ತೆರೆದರೆ ಬಾಗಿಲಿನ ಕೆಳಭಾಗದ ತುಂಬ ಉಗುರಿನ ಗೀರುಗಳು, ಹೊಸ್ತಿಲ ಬಳಿ ಒದ್ದೆ, ಚೂರುಚೂರಾದ ಒಂದು ಚಪ್ಪಲಿ. ನಾಯಿಯಾದರೋ ಕಿವಿ ಹಿಂದಕ್ಕೆಳೆದು, ಬಾಲ ಮುದುರಿಕೊಂಡು ಮಂಚದ ಕೆಳಗೆ ಸೇರಿದೆ. “ನೋಡಿ, ಮಾಡಿದ್ದು ತಪ್ಪೆಂದು ಅದಕ್ಕೇ ಗೊತ್ತಿದೆ. ಬಿಟ್ಟುಹೋದ ಸಿಟ್ಟನ್ನು ಹೀಗೆ ತೀರಿಸಿಕೊಂಡಿದೆ” ಎಂದು ಮನೆಯವರು ತೀರ್ಪು ಕೊಡುತ್ತಾರೆ. ಮೂಲೆಯಲ್ಲಿದ್ದ ಕೋಲು ಕೈಗೆ ಬರುತ್ತದೆ.

ಕೋಲು ಎತ್ತುವ ಮುನ್ನ ಒಂದು ಪ್ರಯೋಗದ ವಿಷಯವನ್ನು ಕೇಳಿ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ್ದು ಅದು. ನಾಯಿಯ ಮುಂದೆ ತಿಂಡಿಯಿಟ್ಟು, ‘ತಿನ್ನಬೇಡ’ ಎಂದು ಹೇಳಿ ಒಡೆಯನು ಹೊರಗೆ ಹೋಗಬೇಕು. ಅವನು ಮರಳಿದಾಗ ನಾಯಿ ತಿಂಡಿ ತಿಂದಿತೋ ಇಲ್ಲವೋ ಎಂಬುದನ್ನು ಸಂಶೋಧಕಿ ತಿಳಿಸುವಳು. ಆದರೆ ಕೆಲವು ಸಲ ಬೇಕೆಂದೇ ಸುಳ್ಳು ಹೇಳುವಳು. ಫಲಿತಾಂಶ ಸ್ವಾರಸ್ಯವಾಗಿತ್ತು. ನಾಯಿಯ ಆ ‘ತಪ್ಪಿತಸ್ಥ ಮುಖ’ಕ್ಕೂ ಅದು ತಿಂಡಿ ತಿಂದದ್ದಕ್ಕೂ ಸಂಬಂಧವೇ ಕಾಣಲಿಲ್ಲ. ಒಡೆಯನು ಗದರಿದಾಗ ಮುಖ ಹಾಗಾಗುತ್ತಿತ್ತು. ಏನೂ ಮಾಡದೆ ಸುಮ್ಮನೆ ಬೈಸಿಕೊಂಡ ನಾಯಿಗಳ ಮುಖದಲ್ಲಿಯೇ ಅದು ಹೆಚ್ಚಾಗಿ ಕಂಡಿತು! ಎಂದ ಮೇಲೆ ನಾವು ಪಶ್ಚಾತ್ತಾಪವೆಂದು ಓದಿಕೊಳ್ಳುವುದು ನಮ್ಮ ಮೇಲಿನ ಹೆದರಿಕೆಯನ್ನೇ. ಬೆಳಗ್ಗೆ ಹತ್ತಕ್ಕೆ ಗೀರಿದ ಬಾಗಿಲಿಗೂ ಸಂಜೆ ಆರಕ್ಕೆ ಬಿದ್ದ ಏಟಿಗೂ ನಾಯಿಯ ತಲೆಯಲ್ಲಿ ನಂಟು ಬೆಳೆಯುವುದಿಲ್ಲ. ಬೆಳೆಯುವ ನಂಟು ಬೇರೆಯದು: ಒಡೆಯ ಹೋದರೆ ದಿಗಿಲು, ಬಂದರೆ ಏಟು. ಮರುದಿನದ ದಿಗಿಲು ಇಮ್ಮಡಿಯಾಗುವುದಕ್ಕೆ ಇದಕ್ಕಿಂತ ಬೇರೆ ಉಪಾಯ ಬೇಕೆ?

ಈ ಪಾಠವನ್ನು ನಾನು ಪುಸ್ತಕದಿಂದ ಕಲಿತೆನೆಂದು ಜಂಬ ಕೊಚ್ಚಲಾರೆ. ನನಗೆ ಕಲಿಸಿದ್ದು ಅರಕೇರಾದ ಒಂದು ಹೊಲದ ನಾಯಿ.

ದೇವದುರ್ಗದ ಕಡೆಯ ಅರಕೇರಾದಲ್ಲಿ ನಮ್ಮ ಬಂಧುಗಳದೊಂದು ಹೊಲವಿದೆ. ಅಲ್ಲಿ ಗುಡಿಸಲು ಹಾಕಿಕೊಂಡಿದ್ದ ಕುಟುಂಬವು ಒಂದು ವರ್ಷ ಸುಗ್ಗಿ ಮುಗಿಯುತ್ತಲೇ ಬೆಂಗಳೂರಿಗೆ ಗುಳೆ ಹೋಯಿತು. ಗುಳೆಯೆಂದರೇನೆಂದು ನಮ್ಮ ಜಿಲ್ಲೆಯ ಓದುಗರಿಗೆ ವಿವರಿಸಬೇಕಾದುದಿಲ್ಲ. ಹಾಸಿಗೆ, ಪಾತ್ರೆ, ಮಕ್ಕಳು ಇಷ್ಟನ್ನು ಕಟ್ಟಿಕೊಂಡು ಬಸ್ಸು ಹತ್ತಿ ಕಟ್ಟಡದ ಕೆಲಸಕ್ಕೆ ಹೋಗುವವರು ನಾಯಿಯನ್ನು ಎಲ್ಲಿ ಕೂರಿಸಿಕೊಂಡಾರು? ಅದು ಹಿಂದೆ ಉಳಿಯಿತು. ಮೂರು ವಾರಗಳ ಮೇಲೆ ನಾವು ಹೋದಾಗಲೂ ಮುಚ್ಚಿದ ತಟ್ಟಿಯ ಮುಂದೆಯೇ ಮಲಗಿತ್ತು. ಪಕ್ಕದ ಹೊಲದ ತಾತ ರೊಟ್ಟಿ ಹಾಕಿದರೆ ತಿಂದು ಮತ್ತೆ ಅಲ್ಲಿಗೇ ಬಂದು ಕೂರುತ್ತಿತ್ತಂತೆ. “ಇದು ಹಿಂಗ ಕುಂತು ಸಾಯತೈತ್ರಿ, ತಗೊಂಡು ಹೋಗ್ರಿ” ಎಂದನು ಆತ. ಎರಡು ವರ್ಷದ ಹೆಣ್ಣು ನಾಯಿ, ಕಂದು ಬಣ್ಣ, ಸಣಕಲು ಕಾಲು. ಮಕ್ಕಳು ಚಿಗರಿ ಎಂದು ಹೆಸರಿಟ್ಟರು. ರಾಯಚೂರಿನ ನಮ್ಮ ಮನೆಗೆ ಬಂತು.

ಹುಟ್ಟಿದಾಗಿನಿಂದ ಸೂರಿನ ಕೆಳಗೆ ಒಂದು ರಾತ್ರಿಯನ್ನೂ ಕಳೆಯದ ಪ್ರಾಣಿ ಅದು. ಎರಡು ತೊಂದರೆಗಳು ಒಟ್ಟಿಗೇ ಬಂದವು. ಮೊದಲನೆಯದು, ಮನೆಯಲ್ಲಿ ಎಲ್ಲಿ ಬೇಕೆಂದರಲ್ಲಿ ಗಲೀಜು. ಎರಡನೆಯದು, ನಾವು ಹೊರಟರೆ ಸಾಕು, ಊಳು. ಎದುರು ಮನೆಯವರು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ರಾತ್ರಿ ಪಾಳಿ ಮಾಡಿ ಬಂದು ಹಗಲು ಮಲಗುವವರು. ಸಭ್ಯರು; ಎರಡು ವಾರ ಸುಮ್ಮನಿದ್ದು ಒಂದು ದಿನ ಬಂದರು. “ಸರ, ತಪ್ಪು ತಿಳೀಬ್ಯಾಡ್ರಿ. ಕಣ್ಣು ಮುಚ್ಚಲಿಕ್ಕೆ ಬಿಡವಲ್ದು. ಏನರ ಒಂದು ಮಾಡ್ರಿ” ಎಂದರು. ಆ ರಾತ್ರಿ ನಮ್ಮ ಮನೆಯಲ್ಲಿ ಸಭೆ ಸೇರಿತು. ಒಂದು ತಿಂಗಳು ನೋಡುವುದು, ಸರಿಹೋಗದಿದ್ದರೆ ಮರಳಿ ಹೊಲಕ್ಕೆ ಬಿಡುವುದು ಎಂದು ಠರಾವಾಯಿತು. ಹೊಲದಲ್ಲಿ ಯಾರಿದ್ದಾರೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಮೊದಲ ತಪ್ಪು ನನ್ನದೇ. ಎರಡು ತೊಂದರೆಗಳನ್ನೂ ನಾನು ಒಂದೇ ಎಂದು ತಿಳಿದೆ. ನೀವು ಹಾಗೆ ತಿಳಿಯಬೇಡಿ. ಮನೆಯಲ್ಲಿ ಜನರಿರುವಾಗಲೂ ಒಳಗೆ ಉಚ್ಚೆ ಮಾಡುವ ನಾಯಿಗೆ ಇನ್ನೂ ಜಾಗದ ಪಾಠವಾಗಿಲ್ಲ. ಜನರಿರುವಾಗ ಚೊಕ್ಕಟವಾಗಿದ್ದು, ಒಂಟಿಯಾದಾಗ ಮಾತ್ರ, ಅದರಲ್ಲೂ ಬಾಗಿಲ ಬಳಿ ಮಾಡಿಕೊಳ್ಳುವ ನಾಯಿಗೆ ಪಾಠದ ಕೊರತೆಯಿಲ್ಲ, ಅದಕ್ಕೆ ಭಯವಾಗಿದೆ. ಭಯದಲ್ಲಿ ಹಿಡಿತ ತಪ್ಪುವುದು ಮನುಷ್ಯರಲ್ಲೂ ಉಂಟಲ್ಲವೆ? ಮೂರನೆಯದೊಂದು ಬಗೆಯೂ ಇದೆ: ನೀವು ಮೈಮೇಲೆ ಬಾಗಿದಾಗ, ದನಿ ಏರಿಸಿದಾಗ ನೆಲಕ್ಕೆ ಕುಗ್ಗಿ ಕೆಲವು ಹನಿ ಬಿಡುವುದು. ಅದು ಶರಣಾಗತಿಯ ಲಕ್ಷಣ, ಗದರಿದಷ್ಟೂ ಹೆಚ್ಚುತ್ತದೆ. ಇವೆಲ್ಲಕ್ಕೂ ಮೊದಲು ಪಶುವೈದ್ಯರಿಗೆ ತೋರಿಸಿಬಿಡಬೇಕು. ಮೂತ್ರಕೋಶದ ಸೋಂಕು, ಮೂತ್ರಪಿಂಡದ ರೋಗ, ಸಕ್ಕರೆ ರೋಗ ಇವುಗಳಲ್ಲಿಯೂ ನಾಯಿ ಮೂತ್ರವನ್ನು ತಡೆಯಲಾರದು. ರೋಗಕ್ಕೆ ಶಿಸ್ತು ಕಲಿಸಹೋದರೆ ಅದಕ್ಕಿಂತ ಅನ್ಯಾಯ ಬೇರೆಯಿಲ್ಲ. ಹೋದಾಗಲೇ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಿಬಿಡಿ.

ಒಂಟಿಯಾದಾಗ ನಾಯಿ ಏನು ಮಾಡುತ್ತದೆಂದು ಊಹಿಸುವುದಕ್ಕಿಂತ ನೋಡುವುದು ಮೇಲು. ಹಳೆಯ ಮೊಬೈಲ್ ಫೋನೊಂದನ್ನು ಕಿಟಕಿಯಲ್ಲಿಟ್ಟು ಚಿತ್ರ ತೆಗೆಯಲು ಬಿಟ್ಟುಹೋಗಿ. ಬೇಸರಕ್ಕೆ ಸಾಮಾನು ಕಡಿಯುವ ನಾಯಿ ಮೊದಲು ಒಂದು ನಿದ್ದೆ ತೆಗೆದು, ಆಮೇಲೆ ಎದ್ದು ಚಪ್ಪಲಿ ಹುಡುಕುತ್ತದೆ. ಅದಕ್ಕೆ ಓಟ ಸಾಲದಾಗಿದೆ, ಅಷ್ಟೆ. ಮುಧೋಳದಂಥ ಬೇಟೆನಾಯಿಯನ್ನು ಸಣ್ಣ ಮನೆಯಲ್ಲಿ ಸಾಕಿದವರು ಮೊದಲು ಪರೀಕ್ಷಿಸಬೇಕಾದುದು ಇದನ್ನೇ. ಅಂಜುವ ನಾಯಿಯ ಆಟವೇ ಬೇರೆ: ಬಾಗಿಲು ಮುಚ್ಚಿದ ಮೊದಲ ಕೆಲವೇ ನಿಮಿಷಗಳಲ್ಲಿ ಏದುಸಿರು, ಜೊಲ್ಲು, ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಅಲೆದಾಟ. ಮುಂದಿಟ್ಟ ತಿಂಡಿಯನ್ನು ಮೂಸಿಯೂ ನೋಡದು. ಚಿಗರಿಯ ಚಿತ್ರ ನೋಡಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಒಂದು ಗಂಟೆ ಹತ್ತು ನಿಮಿಷ ಅದು ಕುಳಿತದ್ದೇ ಇಲ್ಲ.

ನಾಯಿ ಗುಂಪಿನಲ್ಲಿ ಬಾಳುವ ಪ್ರಾಣಿ. ಸಹಸ್ರಾರು ವರ್ಷಗಳಿಂದ ಮನುಷ್ಯನನ್ನೇ ತನ್ನ ಗುಂಪೆಂದು ಎಣಿಸಿಕೊಂಡು ಬಂದಿದೆ. ಈ ನಂಟನ್ನು ನಮ್ಮವರು ಕಲ್ಲಿನಲ್ಲಿಯೇ ಬರೆದಿಟ್ಟಿದ್ದಾರೆ. ಹತ್ತನೆಯ ಶತಮಾನದ ಆತಕೂರಿನ ಶಾಸನವನ್ನು ನೀವು ಕೇಳಿರಬಹುದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನು ಬಹುಮಾನವಾಗಿ ಬೇಡಿ ಪಡೆದದ್ದು ಕಾಳಿಯೆಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಮಣಲೇರನು ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟನು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಜಗಳವಾಡುವ ನಾಯಿ ಮತ್ತು ಹಂದಿಯ ಚಿತ್ರವನ್ನು ಅದರ ಮೇಲೆ ಕಾಣಬಹುದು. ಒಡೆಯನನ್ನು ಬಿಟ್ಟಿರಲಾರದ ಗುಣವನ್ನು ಹೊಗಳಿ ಕಲ್ಲು ಹಾಕಿಸುವ ನಾವು, ಅದೇ ಗುಣ ಬಾಗಿಲು ಗೀರಿದಾಗ ಕೋಲೆತ್ತುತ್ತೇವೆ.

ಎಲ್ಲ ನಾಯಿಗಳಿಗೂ ಈ ಅಂಜಿಕೆ ಬರುವುದಿಲ್ಲ. ಒಮ್ಮೆ ಮನೆ ಕಳೆದುಕೊಂಡವು, ಕೈಯಿಂದ ಕೈಗೆ ಹೋದವು, ಮನೆಯ ದಿನಚರಿ ಥಟ್ಟನೆ ಬದಲಾದಾಗ ದಿಕ್ಕುಗೆಟ್ಟವು ಇದಕ್ಕೆ ಬೇಗ ತುತ್ತಾಗುತ್ತವೆ. 2020ರ ಲಾಕ್‌ಡೌನಿನಲ್ಲಿ ಮನೆ ತುಂಬ ಜನರನ್ನು ಕಂಡು ಬೆಳೆದ ಮರಿಗಳು, ಶಾಲೆ ಕಚೇರಿಗಳು ತೆರೆದಾಗ ಒಮ್ಮೆಗೇ ಒಂಟಿಯಾಗಿ ಪಟ್ಟ ಪಾಡು ನಿಮಗೆ ನೆನಪಿದ್ದೀತು. ತಾಯಿಯಿಂದ ತೀರ ಎಳೆಯದರಲ್ಲೇ ಅಗಲಿಸಿದ ಮರಿಗೂ ಒಳ್ಳೆಯದಾಗದು. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು ಭಾರತ ಸರ್ಕಾರದ 2017ರ ನಿಯಮಗಳೇ ಹೇಳುತ್ತವೆ. ಸಂತೆಯಲ್ಲಿ ಅಂಗೈಯಗಲದ ಮರಿಯನ್ನು ಕಂಡು ಮರುಳಾಗುವ ಮುನ್ನ ಇದು ನೆನಪಿರಲಿ.

ಈಗ ಜಾಗದ ಪಾಠಕ್ಕೆ ಬರೋಣ. ಇದು ಎರಡರಲ್ಲಿ ಸುಲಭವಾದದ್ದು. ನಾಯಿಗೆ ಕಾಲಡಿಯ ನೆಲವೇ ಗುರುತು. ಚಿಗರಿಗೆ ಮಣ್ಣು ಗೊತ್ತು, ಕಲ್ಲು ಗೊತ್ತಿಲ್ಲ. ಹಿತ್ತಲಿನ ಸಿಮೆಂಟಿನ ಮೇಲೆ ಅರ್ಧ ಗಂಟೆ ನಿಲ್ಲಿಸಿದರೂ ಸುಮ್ಮನೆ ನಿಂತು, ಒಳಗೆ ಬಂದ ಮೇಲೆ ತಡೆಯಲಾರದೆ ಬಿಡುತ್ತಿತ್ತು. ಕೊನೆಗೆ ಹಿತ್ತಲ ಮೂಲೆಯಲ್ಲಿ ನಾಲ್ಕು ಬುಟ್ಟಿ ಎರೆಮಣ್ಣು ಸುರಿದೆವು. ಮೊದಲ ದಿನವೇ ಅರ್ಥವಾಯಿತು! ಮಹಡಿಯ ಮನೆಯವರು ಅಗಲವಾದ ತಟ್ಟೆಯಲ್ಲಿ ಮಣ್ಣು ತುಂಬಿಟ್ಟು ಇದನ್ನೇ ಮಾಡಬಹುದು. ಎದ್ದ ಕೂಡಲೆ, ಉಂಡ ಸ್ವಲ್ಪ ಹೊತ್ತಿಗೆ, ಆಟವಾದ ಮೇಲೆ, ಮಲಗುವ ಮುನ್ನ, ಹೀಗೆ ವೇಳೆಗೆ ಸರಿಯಾಗಿ ನೀವೇ ಜೊತೆಗೆ ಹೋಗಬೇಕು. ಮರಿಯಾದರೆ ಅದರ ವಯಸ್ಸಿನ ತಿಂಗಳಿಗೆ ಒಂದು ಕೂಡಿಸಿ, ಅಷ್ಟು ಗಂಟೆ ತಡೆದೀತೆಂದು ಸ್ಥೂಲವಾಗಿ ಹೇಳುವುದುಂಟು. ಎರಡು ತಿಂಗಳ ಮರಿಗೆ ಹೆಚ್ಚೆಂದರೆ ಮೂರು ಗಂಟೆ, ಎಚ್ಚರವಿರುವಾಗ ಅಷ್ಟೂ ಇಲ್ಲ. ಕೆಲಸ ಮುಗಿಸಿದ ಆ ಕ್ಷಣದಲ್ಲೇ, ಅಲ್ಲಿಯೇ ನಿಂತು, ಚೂರು ರೊಟ್ಟಿಯನ್ನೋ ಮೊಟ್ಟೆಯ ತುಣುಕನ್ನೋ ಬಾಯಿಗೆ ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಇನಾಮೆಂದು ಅದು ತಿಳಿಯುತ್ತದೆ.

ಒಳಗೆ ಮಾಡುತ್ತಿರುವುದು ಕಣ್ಣಿಗೆ ಬಿದ್ದರೆ ಚಪ್ಪಾಳೆ ತಟ್ಟಿ ಗಮನ ಸೆಳೆದು ಹೊರಗೆ ಕರೆದೊಯ್ಯಿರಿ. ಮುಗಿದುಹೋಗಿದ್ದರೆ ತೆಪ್ಪಗೆ ಒರೆಸಿ. ಮೂತಿಯನ್ನು ಅದರಲ್ಲಿ ಉಜ್ಜುವುದು ನಮ್ಮಲ್ಲಿ ಈಗಲೂ ಉಳಿದಿರುವ ಕೆಟ್ಟ ರೂಢಿ. ಇದರಿಂದ ನಾಯಿ ಕಲಿಯುವುದು ಒಂದೇ: ಮನುಷ್ಯರ ಕಣ್ಣೆದುರು ಮಾಡಬಾರದು, ಕಪಾಟಿನ ಹಿಂದೆ ಮಾಡಬೇಕು.

ಒರೆಸುವುದರಲ್ಲಿಯೂ ಒಂದು ವಿಷಯವಿದೆ. ನಮ್ಮ ಕಡೆಯ ಮನೆಗಳಲ್ಲಿ ಶಹಾಬಾದ ಕಲ್ಲಿನ ನೆಲ ಸಾಮಾನ್ಯ. ಕಲ್ಲಿನ ಸಂದುಗಳಲ್ಲಿ ಮೂತ್ರ ಇಳಿದು ವಾಸನೆ ಉಳಿಯುತ್ತದೆ. ನಮಗೆ ತಿಳಿಯದಿದ್ದರೂ ನಾಯಿಯ ಮೂಗಿಗೆ ಅದು ಹಲಗೆ ಬರೆದು ನಿಲ್ಲಿಸಿದಂತೆ. ವಾಸನೆ ಕಳೆಯಲು ವಿನಿಗರ್, ನಿಂಬೆಹಣ್ಣು ಎಂದು ಅನೇಕರು ಹೇಳುತ್ತಾರೆ. ಶಹಾಬಾದ ಕಲ್ಲು ಸುಣ್ಣದ ಕಲ್ಲು; ಹುಳಿ ತಾಗಿದರೆ ಮೈ ಸವೆದು ಕಲೆ ಬೀಳುತ್ತದೆ. ಅಮೋನಿಯಾ ಬೆರೆತ ದ್ರಾವಣವಂತೂ ಬೇಡವೇ ಬೇಡ, ಮೂತ್ರ ಕೊಳೆತಾಗ ಬರುವ ವಾಸನೆಯೂ ಅಮೋನಿಯಾದ್ದೇ. ಎನ್‌ಜೈಮ್ ಇರುವ ಬಟ್ಟೆ ಸೋಪಿನ ಪುಡಿಯನ್ನು ಉಗುರುಬೆಚ್ಚನೆ ನೀರಿನಲ್ಲಿ ಕಲಸಿ ಸುರಿದು, ಕಾಲು ಗಂಟೆ ಬಿಟ್ಟು ತೊಳೆದು ಒಣಗಿಸಿ. ಇಷ್ಟು ಸಾಕು. ಚಿಗರಿಗೆ ಮೂರು ವಾರಗಳಲ್ಲಿ ಈ ಪಾಠ ಮುಗಿಯಿತು.

ಬಾಗಿಲ ಬಳಿಯ ಒದ್ದೆ ಮಾತ್ರ ಮುಗಿಯಲಿಲ್ಲ.

ಅಂಜಿಕೆಯ ಚಿಕಿತ್ಸೆಗೆ ಔಷಧಕ್ಕಿಂತ ಹೆಚ್ಚಾಗಿ ಬೇಕಾದುದು ನಾಚಿಕೆ ಬಿಡುವುದು. ಏಕೆಂದರೆ ನೀವು ಮಾಡುವುದನ್ನು ನೋಡಿ ಓಣಿಯವರು ನಗುತ್ತಾರೆ. ನಾಯಿಯ ದಿಗಿಲು ಬೀಗ ಬಿದ್ದ ಮೇಲೆ ಶುರುವಾಗುವುದೆಂದು ತಿಳಿಯಬೇಡಿ. ಬೀಗದ ಕೈಯ ಸದ್ದಿಗೇ, ಚಪ್ಪಲಿ ಮೆಟ್ಟುವ ಸಪ್ಪಳಕ್ಕೇ ಶುರುವಾಗಿರುತ್ತದೆ. ರಷ್ಯದ ಪಾವ್‌ಲೋವ್ ಪಂಡಿತನ ನಾಯಿಗಳು, ಊಟದ ಮುನ್ನ ಕೇಳುವ ಸದ್ದಿಗೇ ಜೊಲ್ಲು ಸುರಿಸುತ್ತಿದ್ದ ಕಥೆಯನ್ನು ಶಾಲೆಯಲ್ಲಿ ಓದಿದ್ದೀರಿ. ಇಲ್ಲಿಯೂ ಅದೇ ನಿಯಮ. ಆದುದರಿಂದ ಸದ್ದಿಗೂ ಅಗಲಿಕೆಗೂ ಇರುವ ಗಂಟನ್ನು ಮೊದಲು ಬಿಚ್ಚಬೇಕು. ದಿನಕ್ಕೆ ಹತ್ತಾರು ಸಲ ಬೀಗದ ಕೈ ಎತ್ತಿಕೊಂಡು ಅಡಿಗೆಮನೆಗೆ ಹೋಗಿ. ಚಪ್ಪಲಿ ಮೆಟ್ಟಿಕೊಂಡು ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದಿ. ಕೆಲವು ದಿನಗಳಲ್ಲಿ ನಾಯಿ ತಲೆಯೆತ್ತುವುದನ್ನೂ ಬಿಡುತ್ತದೆ.

ಆಮೇಲೆ ಬಾಗಿಲು. ತೆರೆದು ಮುಚ್ಚಿ, ಹೊರಗೆ ಹೋಗಬೇಡಿ. ಮರುದಿನ ಹೊರಗೆ ಹೆಜ್ಜೆಯಿಟ್ಟು ಒಡನೆಯೇ ಒಳಗೆ ಬನ್ನಿ. ಬಳಿಕ ಐದು ಎಣಿಸುವಷ್ಟು ಹೊತ್ತು, ಬಳಿಕ ಹತ್ತು. ಇಡೀ ವಿದ್ಯೆಯ ತಿರುಳು ಇರುವುದು ಇಲ್ಲಿ: ನಾಯಿ ಅಂಜಿದ ಮೇಲೆ ಬರುವುದಲ್ಲ, ಅಂಜುವ ಮೊದಲೇ ಬರುವುದು. ಹತ್ತು ಎಣಿಸುವಷ್ಟರಲ್ಲಿ ಏದುಸಿರು ಬಂದರೆ ನಾಳೆ ಆರಕ್ಕೆ ಇಳಿಸಿ. ಪ್ರತಿದಿನವೂ ಏರಿಸುತ್ತಲೇ ಹೋಗುವುದೂ ತಪ್ಪು. ಒಂದು ದಿನ ಮೂರು ನಿಮಿಷ, ಮರುದಿನ ಒಂದು, ಅದರ ಮರುದಿನ ನಾಲ್ಕು, ಹೀಗಿರಲಿ. ಹೋಗುವಾಗ ಮುದ್ದಾಟ ಬೇಡ, ಬಂದಾಗ ಸಂಭ್ರಮವೂ ಬೇಡ. ಪಕ್ಕದ ಕೋಣೆಯಿಂದ ಬಂದಂತೆ ಬನ್ನಿ. ನಾನು ಹೊಸ್ತಿಲ ಹೊರಗೆ ಕೈಗಡಿಯಾರ ನೋಡುತ್ತ ನಿಂತಿರುವುದನ್ನು ಕಂಡು ತರಕಾರಿಯಾಕೆ “ಯಾಕ್ರೀ ಅಣ್ಣಾರ, ಮನಿಯಾಗ ಬೈದು ಹೊರಗ ಹಾಕ್ಯಾರೇನು?” ಎಂದು ಕೇಳಿದ್ದುಂಟು.

ಕಷ್ಟವಾದ ಮಾತೆಂದರೆ, ಈ ಅಭ್ಯಾಸ ನಡೆಯುವಷ್ಟು ಕಾಲ ನಾಯಿಯನ್ನು ಅದರ ಶಕ್ತಿ ಮೀರಿ ನಿಜವಾಗಿ ಒಂಟಿಯಾಗಿ ಬಿಡುವಂತಿಲ್ಲ. ಬೆಳಗ್ಗೆ ಹತ್ತು ಸೆಕೆಂಡಿನ ಪಾಠ ಮಾಡಿ ಮಧ್ಯಾಹ್ನ ಆರು ಗಂಟೆ ಕಚೇರಿಗೆ ಹೋದರೆ ಕಟ್ಟಿದ ಗೋಡೆ ಕುಸಿಯುತ್ತದೆ. ನಾವು ಹೇಗೋ ನಿಭಾಯಿಸಿದೆವು. ನನ್ನ ತಾಯಿಯವರು ಊರಿಂದ ಬಂದು ಒಂದೂವರೆ ತಿಂಗಳು ಇದ್ದರು. ಮಡಿಯವರು, ನಾಯಿಯನ್ನು ಮುಟ್ಟಲಿಲ್ಲ; ನಡುಮನೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದರು. ಚಿಗರಿಗೆ ಅಷ್ಟೇ ಬೇಕಾಗಿತ್ತು. ಕೆಲವು ದಿನ ಪಕ್ಕದ ಓಣಿಯ ಕಾಲೇಜು ಹುಡುಗ ಓದಿಕೊಳ್ಳಲು ಬಂದು ಕೂರುತ್ತಿದ್ದ. ಯಾರೂ ಸಿಗದವರಿಗೆ ಇದು ಬಹಳ ಕಷ್ಟವೆಂಬುದನ್ನು ಒಪ್ಪಲೇಬೇಕು.

‘ಕಬ್ಬಿಣದ ಪಂಜರದಲ್ಲಿ ಹಾಕಿಬಿಡಿ’ ಎಂದು ಸಲಹೆ ಕೊಡುವವರಿದ್ದಾರೆ. ತಾನಾಗಿ ಒಳಹೊಕ್ಕು ಮಲಗುವ ನಾಯಿಗೆ ಅದು ಗೂಡು. ದಿಗಿಲು ಬಿದ್ದ ನಾಯಿಗೆ ಸೆರೆಮನೆ. ಸರಳು ಕಚ್ಚಿ ಹಲ್ಲು ಮುರಿದುಕೊಳ್ಳುವವು ಉಂಟು. ಸರಪಳಿಯ ಮಾತೂ ಅಷ್ಟೆ. ಬಿಡದೆ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದು, ಅನ್ನನೀರಿಲ್ಲದೆ ನರಳುವಂತೆ ತೊರೆದುಬಿಡುವುದು, ಎರಡನ್ನೂ 1960ರ ಪ್ರಾಣಿಹಿಂಸಾ ತಡೆ ಕಾಯಿದೆಯು ಹಿಂಸೆಯೆಂದೇ ಎಣಿಸಿದೆ. ನಮ್ಮ ಬೇಸಗೆಯಲ್ಲಂತೂ ತಗಡಿನ ಸೂರಿನ ಕೆಳಗೆ, ಮಾಳಿಗೆಯ ಮೇಲೆ ಕಟ್ಟಿಹೋದರೆ ಸಂಜೆಗೆ ನಾಯಿ ಬದುಕಿರುತ್ತದೆಂಬ ಭರವಸೆಯಿಲ್ಲ.

ನೀವು ರೇಡಿಯೋ ಉಳ್ಳವರು. ‘ರೇಡಿಯೋ ಹಚ್ಚಿಟ್ಟು ಹೋದರಾಗದೆ?’ ಎಂದು ಕೇಳುತ್ತೀರಿ. ಹಳೆಯ ತಟ್ಟೆಗಳ ಮೇಲೆ ಕೊಳವೆಗೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರವನ್ನು ಕಂಡವರಿಗೆ ಈ ಪ್ರಶ್ನೆ ಸಹಜ. ಆ ನಾಯಿಯ ಹೆಸರು ನಿಪ್ಪರ್. ಅದರ ಒಡೆಯ 1887ರಲ್ಲಿ ತೀರಿಕೊಂಡ ಮೇಲೆ ಅವನ ತಮ್ಮ ಫ್ರಾನ್ಸಿಸ್ ಬರಾಡ್ ಎಂಬ ಚಿತ್ರಕಾರನ ಬಳಿ ಇದ್ದಿತು. ಬರಾಡನು ಬರೆದ ಆ ಚಿತ್ರವನ್ನು ಗ್ರಾಮಫೋನ್ ಕಂಪನಿಯು ಕೊಂಡುಕೊಂಡು ‘ಹಿಸ್ ಮಾಸ್ಟರ್ಸ್ ವಾಯ್ಸ್’ ಎಂದು ಜಗತ್ತಿಗೆಲ್ಲ ಹಂಚಿತು. ರೇಡಿಯೋ ಒಂದಿಷ್ಟು ನೆರವಾಗುತ್ತದೆ. ಬೆಲ್‌ಫಾಸ್ಟಿನ ಸಂಶೋಧಕರು 2002ರಲ್ಲಿ, ಅನಾಥ ನಾಯಿಗಳ ಆಶ್ರಯಧಾಮದಲ್ಲಿ ಶಾಸ್ತ್ರೀಯ ಸಂಗೀತ ನುಡಿಸಿದಾಗ ನಾಯಿಗಳು ಹೆಚ್ಚು ಹೊತ್ತು ಮಲಗಿದ್ದನ್ನೂ ಅಬ್ಬರದ ಸಂಗೀತಕ್ಕೆ ಹೆಚ್ಚು ಬೊಗಳಿದ್ದನ್ನೂ ಕಂಡರು. ಅವರು ನುಡಿಸಿದ್ದು ಪಾಶ್ಚಾತ್ಯ ಸಂಗೀತ. ಹಿಂದೂಸ್ತಾನಿಗೂ ನಾಯಿ ಮಲಗುವುದೆಂಬುದಕ್ಕೆ ನನ್ನ ಬಳಿ ಇರುವ ಸಾಕ್ಷಿ ಚಿಗರಿಯೊಂದೇ. ಆದರೆ ಒಂದು ಎಚ್ಚರ: ನೀವು ಹೊರಡುವಾಗ ಮಾತ್ರ ರೇಡಿಯೋ ಹಚ್ಚಿದರೆ ಅದೂ ಬೀಗದ ಕೈಯ ಸಾಲಿಗೆ ಸೇರುತ್ತದೆ, ಹಾಡು ಶುರುವಾದೊಡನೆ ಊಳೂ ಶುರು. ಮನೆಯಲ್ಲಿ ಎಲ್ಲರೂ ಹಾಯಾಗಿ ಕುಳಿತಿರುವಾಗಲೂ ಅದೇ ವೇಳೆಗೆ, ಅದೇ ಮೆಲುದನಿಯಲ್ಲಿ ನುಡಿಯುತ್ತಿರಲಿ.

ಹೊರಡುವ ಮುನ್ನ ಚೆನ್ನಾಗಿ ಅಡ್ಡಾಡಿಸಿ, ನೀರಿಟ್ಟು, ತೆಂಗಿನ ಕರಟದಲ್ಲಿ ಗಟ್ಟಿಮೊಸರು ಕಲಸಿದ ಜೋಳದ ರೊಟ್ಟಿಯನ್ನು ಅದುಮಿ ತುಂಬಿ ಕೊಟ್ಟರೆ ನೆಕ್ಕುತ್ತ ಕಾಲು ಗಂಟೆ ಕಳೆದೀತು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ಬೇಡ. ಇವು ನಾಯಿಗೆ ವಿಷ. ಎರಡು ತಿಂಗಳ ಅಭ್ಯಾಸಕ್ಕೂ ಬಗ್ಗದ ಅಂಜಿಕೆಗೆ ಪಶುವೈದ್ಯರು ಮನಸ್ಸನ್ನು ಶಾಂತಗೊಳಿಸುವ ಮಾತ್ರೆ ಕೊಡುವುದುಂಟು. ಅದರ ಗುಣ ಕಾಣಲು ಕೆಲವು ವಾರಗಳೇ ಬೇಕು, ಅಭ್ಯಾಸವೂ ಜೊತೆಗೆ ನಡೆಯಬೇಕು. ಮನೆಯಲ್ಲಿರುವ ಮನುಷ್ಯರ ನಿದ್ದೆಯ ಗುಳಿಗೆಯನ್ನು ಅಂದಾಜಿನಲ್ಲಿ ಕೊಡುವ ಸಾಹಸ ಮಾತ್ರ ಮಾಡಬೇಡಿ.

ನಮ್ಮ ಒಂದು ತಿಂಗಳ ಗಡುವು ಮುಗಿದ ದಿನ ಚಿಗರಿಗೆ ಒಗ್ಗಿದ್ದು ಬರೇ ಏಳು ನಿಮಿಷ. ಗಡುವಿನ ಮಾತನ್ನು ಯಾರೂ ಎತ್ತಲಿಲ್ಲ. ಮೊದಲ ಅರ್ಧ ಗಂಟೆ ದಾಟಿಸುವುದೇ ದೊಡ್ಡ ಏರು. ಅದಕ್ಕೆ ಹತ್ತು ವಾರ ಹಿಡಿಯಿತು. ಆಮೇಲೆ ಗಂಟೆಗಳು ಬೇಗಬೇಗ ಕೂಡಿದವು. ಎದುರು ಮನೆಯವರು ಒಂದು ಭಾನುವಾರ ಬಂದು, “ನಾಯಿನ ಎಲ್ಲೆರ ಕಳಿಸಿದಿರೇನ್ರಿ? ಸದ್ದೇ ಇಲ್ಲಲ್ಲ” ಎಂದು ಕೇಳಿದರು. ಅವರ ಕಾಲ ಬಳಿಯೇ ಅದು ಮಲಗಿತ್ತು.

ಈಗ ನಾಲ್ಕು ಗಂಟೆಯವರೆಗೆ ಒಂಟಿಯಾಗಿ ಇರುತ್ತದೆ. ಅದಕ್ಕಿಂತ ಹೆಚ್ಚು ನಾವು ಕೇಳಿಲ್ಲ. ಮಧ್ಯಾಹ್ನ ಒಂದಕ್ಕೆ ಕಾಲೇಜು ಹುಡುಗ ಬಂದು ಹಿತ್ತಲಿಗೆ ಬಿಟ್ಟು ಹೋಗುತ್ತಾನೆ. ಉಗಾದಿಗೆ ಅರಕೇರಾದ ಕುಟುಂಬ ಊರಿಗೆ ಬಂದಾಗ ಕರೆದುಕೊಂಡು ಹೋಗಿದ್ದೆವು. ಅರ್ಧ ಮೈಲಿಯಿಂದಲೇ ಓಡಿಹೋಗಿ ಆ ಮನೆಯ ಹುಡುಗಿಯ ಮೈಮೇಲೆ ಬಿತ್ತು. ಸಂಜೆ ನಾವು ಹೊರಟಾಗ ಬಂಡಿದಾರಿಯ ನಡುವೆ ನಿಂತು, ಒಮ್ಮೆ ಗುಡಿಸಲನ್ನೂ ಒಮ್ಮೆ ನಮ್ಮನ್ನೂ ನೋಡಿತು. ಹಬ್ಬ ಕಳೆದ ನಾಲ್ಕು ದಿನಕ್ಕೆ ಅವರು ಮತ್ತೆ ಬೆಂಗಳೂರಿನ ಬಸ್ಸು ಹತ್ತುವವರಿದ್ದರು. ಆ ಹುಡುಗಿಯೇ ಚಿಗರಿಯನ್ನು ಎತ್ತಿ ತಂದು ನಮ್ಮ ಗಾಡಿಯಲ್ಲಿ ಕೂರಿಸಿ, ತಿರುಗಿ ನೋಡದೆ ಹೋದಳು.